ಬೋರ್ಡಿನಲ್ಲಿ ಅಂಗಡಿ, ಇಳಿದರೆ ಕಟ್ಟಪುಣಿ: ಬಂಟ್ವಾಳದಿಂದ ಮೂಡುಬಿದಿರೆಗೆ ಒಂದು ಹಳೆಯ ದಾರಿ

ಈ ಸಂಚಿಕೆ ಒಂದು ಪ್ರಶ್ನೆಯಿಂದ ಶುರುವಾದದ್ದು. ಕಾರಿಲ್ಲ, ಬೈಕಿಲ್ಲ, ಆದಿತ್ಯವಾರ ಒಂದು ದಿನ ರಜೆ, ಹಳ್ಳಿ ಕಡೆ ನಡೀಬೇಕು ಅಂತ ಆಸೆ ಉಂಟು. ಬಸ್ಸಿನಲ್ಲಿ ಹೋಗಿ ಇಳಿದು ನಡೆಯುವಂಥ ಜಾಗ ಯಾವುದು? ಜಾಗದ ಪಟ್ಟಿ ಕೊಟ್ಟರೆ ಐದು ನಿಮಿಷದಲ್ಲಿ ಮುಗೀತದೆ. ಆದರೆ ಈ ಮೂರು ತಾಲೂಕಿನಲ್ಲಿ ಬಸ್ಸು ಹೋಗುವ ದಾರಿಗೂ ಜನ ನಡೆದ ದಾರಿಗೂ ಇರುವ ಸಂಬಂಧ ನೋಡಿದರೆ ಕತೆ ಬೇರೆಯೇ ಉಂಟು. ಅದನ್ನು ಹೇಳ್ತೇನೆ, ಮಧ್ಯೆ ಮಧ್ಯೆ ಎಲ್ಲಿ ಇಳೀಬೇಕು ಅಂತಲೂ ಹೇಳ್ತೇನೆ.

ಮೊದಲು ಬಸ್ಸಿನ ಬೋರ್ಡು ಓದುವ. ಬೆಳ್ತಂಗಡಿ. ಅಳದಂಗಡಿ. ಪಡಂಗಡಿ. ಸ್ವಲ್ಪ ಆಚೆ ಉಪ್ಪಿನಂಗಡಿ. ಇಷ್ಟು ಅಂಗಡಿ ಯಾಕೆ? ಇನ್ನೊಂದು ಸಾಲು ನೋಡಿ: ಕಾವಳಕಟ್ಟೆ, ಪುಂಜಾಲಕಟ್ಟೆ, ಸಿದ್ದಕಟ್ಟೆ. ಮತ್ತೆ ಕುಪ್ಪೆಪದವು, ಕಕ್ಯಪದವು. ನಾನು ಬಿಕಾಂ ಓದಿದವನು, ಚರಿತ್ರೆಯ ವಿದ್ಯಾರ್ಥಿ ಅಲ್ಲ. ಹಾಗಾಗಿ ಈ ಹೆಸರುಗಳನ್ನು ನೋಡಿದ ಕೂಡಲೇ ನನಗೆ ಕಾಣುವುದು ಸಾಗಾಟದ ಖರ್ಚು. ತಲೆಹೊರೆಯಲ್ಲಿ, ಹೇರೆತ್ತಿನ ಬೆನ್ನಿನಲ್ಲಿ ಸಾಮಾನು ಸಾಗಿಸುವ ಕಾಲದಲ್ಲಿ ಒಂದು ದಿನಕ್ಕೆ ಹೋಗಬಹುದಾದ ದೂರಕ್ಕೆ ಮಿತಿ ಇತ್ತು. ಆ ಮಿತಿ ಮುಗಿಯುವ ಕಡೆ ವ್ಯಾಪಾರ ಕೂತಿತು, ಅದು ಅಂಗಡಿ ಆಯ್ತು. ಮಧ್ಯೆ ಹೊರೆ ಇಳಿಸಿ ಬೆನ್ನು ನೆಟ್ಟಗೆ ಮಾಡುವ ಕಡೆ ಅಶ್ವತ್ಥ ಮರದ ಬುಡಕ್ಕೊಂದು ಕಟ್ಟೆ ಬಂತು. ಪದವು ಅಂದರೆ ಗುಡ್ಡದ ಮೇಲಿನ ಬೋಳು ಬಯಲು, ಮುರಕಲ್ಲಿನ ಹಾಸು, ಬಿಸಿಲು ಹೊಡೆಯುವ ಜಾಗ. ಅಲ್ಲಿ ನೆರಳಿಲ್ಲ ಅಂತ ನಡೆಯುವವನಿಗೆ ಹೆಸರೇ ಹೇಳ್ತದೆ. ಇನ್ನೊಂದು ನನಗೆ ಬಹಳ ಇಷ್ಟದ ಹೆಸರು ಕೈಕಂಬ. ಬಿ.ಸಿ. ರೋಡಿನಲ್ಲಿ ಒಂದು ಕೈಕಂಬ, ಗುರುಪುರದ ಹತ್ತಿರ ಒಂದು, ಸುಬ್ರಹ್ಮಣ್ಯದ ಕಡೆ ಇನ್ನೊಂದು. ಕೈ ಚಾಚಿ ದಾರಿ ತೋರಿಸುವ ಕಂಬ, ಅಷ್ಟೇ. ಗೂಗಲ್ ಮ್ಯಾಪಿನ ಅಜ್ಜ.

ಬಿ.ಸಿ. ರೋಡು ಅನ್ನುವುದೂ ಹಾಗೇ. ಹೊರಗಿನವರು ಇದೆಂಥ ಊರಿನ ಹೆಸರು ಅಂತ ನಗಾಡ್ತಾರೆ. ಬಂಟ್ವಾಳ ಕ್ರಾಸ್ ರೋಡು. ಮೂಲ ಬಂಟ್ವಾಳ ಪೇಟೆ ಇರುವುದು ಹೆದ್ದಾರಿಯಿಂದ ಒಳಗೆ, ನೇತ್ರಾವತಿಯ ದಡದಲ್ಲಿ. ಬಸ್ಸು ಬಂದ ಮೇಲೆ ಕ್ರಾಸು ಊರಾಯಿತು, ಊರು ಕ್ರಾಸಿನ ಒಳಗಿನ ಪೇಟೆ ಆಯಿತು. ಅದಕ್ಕೇ ಮೊದಲ ನಡಿಗೆ ಇಲ್ಲೇ ಅಂತ ನನ್ನ ಸಲಹೆ. ಬಿ.ಸಿ. ರೋಡಿನಲ್ಲಿ ಇಳಿದು ಹಳೆ ಪೇಟೆಗೆ ನಡೆಯಿರಿ. ದೂರ ಏನಿಲ್ಲ. ಪೇಟೆಯ ರಸ್ತೆ ಯಾಕೆ ಇಷ್ಟು ಸಪೂರ, ಮನೆಗಳು ಯಾಕೆ ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಹೊಳೆಯ ಕಡೆ ಹೋಗ್ತಾವೆ ಅಂತ ನೋಡಿ. ಈ ಪೇಟೆ ಮುಖ ಮಾಡಿದ್ದು ರಸ್ತೆಗಲ್ಲ, ನೀರಿಗೆ.

19ನೇ ಶತಮಾನದಲ್ಲಿ ಘಟ್ಟದ ಮೇಲಿನ ಮೈಸೂರು ಸೀಮೆಯ ಕಾಫಿ ಎತ್ತಿನ ಗಾಡಿಯಲ್ಲಿ ಇಳಿದು ಇಲ್ಲಿಗೆ ಬರ್ತಿತ್ತು. ಇಲ್ಲಿಂದ ದೋಣಿಯಲ್ಲಿ ಮಂಗಳೂರಿನ ಬಂದರಿಗೆ. ವಾಪಸ್ಸು ಮೇಲಕ್ಕೆ ಉಪ್ಪು, ಒಣಮೀನು, ತೆಂಗಿನಕಾಯಿ. ಸಮುದ್ರ ಕಾಣದ ಊರೊಂದು ಬಂದರಿನ ಹಾಗೆ ಬದುಕಿದ್ದು ಹೀಗೆ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಅವರು ಮಗುವಾಗಿದ್ದಾಗ ಈ ಬೀದಿಯಲ್ಲಿ ಗಾಡಿಯ ಕೀಚು ಶಬ್ದ, ಎತ್ತಿನ ಗಂಟೆ, ದೋಣಿಯವರ ಬೊಬ್ಬೆ ಎಷ್ಟು ಇದ್ದಿರಬಹುದು ಅಂತ ಊಹೆ ಮಾಡ್ಕೊಳ್ಳಿ.

ನೀರು ಕೊಟ್ಟದ್ದನ್ನು ನೀರೇ ವಾಪಸ್ಸು ತಗೊಂಡದ್ದೂ ಉಂಟು. 1923ರ ಆಗಸ್ಟಿನ ನೆರೆಯಲ್ಲಿ ಬಂಟ್ವಾಳ, ಪಾಣೆಮಂಗಳೂರು ಎರಡೂ ಮುಳುಗಿ ಏಳಲಿಕ್ಕಾಗದ ಹಾಗೆ ಏಟು ತಿಂದವು. ಮತ್ತೆ 1974ರ ನೆರೆ. ಊರಿನ ಹಿರಿಯರ ಕಾಲಗಣನೆ ಈಗಲೂ ಅದರಲ್ಲೇ: ನೆರೆಗಿಂತ ಮೊದಲು, ನೆರೆ ಆದ ಮೇಲೆ. ಇವತ್ತೂ ಮಳೆಗಾಲದಲ್ಲಿ ಬಂಟ್ವಾಳದ ಮಾಪಕದಲ್ಲಿ ನೀರು 8.5 ಮೀಟರ್ ಮುಟ್ಟಿತಾ ಅಂತ ಇಡೀ ಜಿಲ್ಲೆ ನೋಡ್ತದೆ. ಅದು ಅಪಾಯದ ಮಟ್ಟ. ಆಟಿಯಲ್ಲಿ ಹೊಳೆ ಬದಿಯ ನಡಿಗೆ ಬೇಡ, ಅದನ್ನು ನಾನು ಹೇಳ್ಬೇಕಾಗಿಲ್ಲ.

ಹೊಳೆಯ ಆಚೆ ದಡ ಪಾಣೆಮಂಗಳೂರು. ಬ್ರಿಟಿಷರ ಕಾಲದ ಹಳೆ ಸೇತುವೆಯ ಮೇಲೆ ನಡೆದು ದಾಟಿದರೆ, ಅಲ್ಲಿಂದ ಹೊಳೆ ಬದಿಗೆ ನಂದಾವರದ ತನಕ ಹೋಗಬಹುದು. ಈಗ ದೇವಸ್ಥಾನಕ್ಕೆ ಹೆಸರಾದ ಜಾಗ; ಒಂದು ಕಾಲದಲ್ಲಿ ಬಂಗ ಅರಸರ ನೆಲೆ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಬೆಳ್ಳಾರೆ, ಪುತ್ತೂರಿನ ಕಡೆಯಿಂದ ರೈತರ ದಂಡು ಕಂಪೆನಿ ಸರ್ಕಾರದ ವಿರುದ್ಧ ಮಂಗಳೂರಿಗೆ ನಡೆದದ್ದು ಈ ದಾರಿಯಲ್ಲಿ. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು ಅಂದದ್ದು ಅವರ ಸಿಟ್ಟಿನ ದೊಡ್ಡ ಕಾರಣ. ನಂದಾವರದ ಬಂಗರಸ ಲಕ್ಷ್ಮಪ್ಪ ಜೊತೆಗೂಡಿದರು. ಮಂಗಳೂರು ಹದಿಮೂರು ದಿನ ಅವರ ಕೈಯಲ್ಲಿತ್ತು. ಕೊನೆಗೆ ಬಿಕರ್ನಕಟ್ಟೆಯಲ್ಲಿ ಗಲ್ಲು. ಅದಕ್ಕಿಂತ ಮೊದಲು, 1784ರಲ್ಲಿ, ಟಿಪ್ಪುವಿನ ಆಜ್ಞೆಯಂತೆ ಸೆರೆಯಾದ ಕೆನರಾದ ಕ್ರೈಸ್ತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದೂ ಉಂಟು. ದಾರಿಯಲ್ಲೇ ಸತ್ತವರು ಬಹಳ. ನಾವು ಆದಿತ್ಯವಾರ ಖುಷಿಗೆ ನಡೆಯುವ ಈ ಸೀಮೆಯ ದಾರಿಗಳಲ್ಲಿ ಖುಷಿಗಲ್ಲದೆ ನಡೆದವರೇ ಜಾಸ್ತಿ.

ಇನ್ನು ನಮ್ಮ ಮುಖ್ಯ ದಾರಿಗೆ ಬರುವ. ಫ್ರಾನ್ಸಿಸ್ ಬುಕಾನನ್ ಅಂತ ಒಬ್ಬ ಸ್ಕಾಟಿಷ್ ವೈದ್ಯ. ಟಿಪ್ಪು ಸತ್ತ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಎಂತ ಬೆಳೀತದೆ, ಮಣ್ಣು ಹೇಗುಂಟು, ತೆರಿಗೆ ಎಷ್ಟು ಬರಬಹುದು ಅಂತ ಲೆಕ್ಕ ಹಾಕುವ ಕೆಲಸ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಕಂಪೆನಿ ಖರೀದಿ ಮಾಡಿದ ಮೇಲೆ ಆಸ್ತಿಪಾಸ್ತಿಯ ಆಡಿಟ್. 1801ರ ಶುರುವಿಗೆ ಅವನು ಮಂಗಳೂರಿನಿಂದ ಫರಂಗಿಪೇಟೆ, ಬಂಟ್ವಾಳ, ಕಾವಳಕಟ್ಟೆ, ಬೆಳ್ತಂಗಡಿ, ಪಡಂಗಡಿ, ವೇಣೂರು, ಮೂಡುಬಿದಿರೆ ಹೀಗೆ ಹೋಗಿ ಕಾರ್ಕಳ ಸೇರ್ತಾನೆ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟದ ಪುಸ್ತಕ ಆಯ್ತು. ವೇಣೂರನ್ನು ಅವನು ಬರೆದದ್ದು ‘ಐನೂರು’ ಅಂತ. ಕಿವಿಗೆ ಬಿದ್ದದ್ದು ಹಾಗೆ ಇರಬೇಕು, ಪಾಪ.

ಈಗ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ. ಬಿ.ಸಿ. ರೋಡಿನಿಂದ ಬೆಳ್ತಂಗಡಿ ಬಸ್ಸು ಹತ್ತಿ, ಗುರುವಾಯನಕೆರೆಯಲ್ಲಿ ಇಳಿದು ವೇಣೂರು ದಾರಿಯಲ್ಲಿ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿದರೆ ನೀವು ಹೋಗುವುದು ಹೆಚ್ಚುಕಮ್ಮಿ ಇದೇ ದಾರಿ. ಇನ್ನೂರ ಇಪ್ಪತ್ತು ವರ್ಷದಲ್ಲಿ ಡಾಮರು ಬಂತು, ಹೆದ್ದಾರಿಗೆ ನಂಬರು ಬಂತು, ನಿಲ್ಲುವ ಜಾಗ ಬದಲಾಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಜಿಲ್ಲೆಯಲ್ಲಿ ಮೋಟಾರು ಬಸ್ಸು ಶುರು ಮಾಡಿದ ಸಿಪಿಸಿ, ಆಮೇಲೆ ಬಂದ ಶಂಕರ್ ವಿಠಲ್, ಹನುಮಾನ್ ಅಂಥ ಖಾಸಗಿ ಕಂಪೆನಿಗಳು ಹೊಸ ದಾರಿ ಹುಡುಕಲಿಕ್ಕೆ ಹೋಗಲಿಲ್ಲ. ಹೋಗುವ ಅಗತ್ಯ ಏನು? ಗಿರಾಕಿ ಮೊದಲೇ ಕಟ್ಟೆಯಲ್ಲಿ ಕೂತಿದ್ದರು. ಕಟ್ಟೆಯೇ ಸ್ಟಾಪು ಆಯ್ತು.

ಈ ಸಾಲಿನಲ್ಲಿ ಅತಿ ಸುಲಭದ ನಡಿಗೆ ಕಾರಿಂಜ. ಬೆಳ್ತಂಗಡಿ ಬಸ್ಸಿನಲ್ಲಿ ವಗ್ಗದಲ್ಲಿ ಇಳಿಯಿರಿ. ಕಂಡಕ್ಟರಿಗೆ ‘ಕಾರಿಂಜಕ್ಕೆ’ ಅಂದರೆ ಸಾಕು, ಅವರೇ ಇಳಿಸ್ತಾರೆ. ಒಳದಾರಿಯಲ್ಲಿ ತೋಟ, ಗದ್ದೆ, ಮತ್ತೆ ಎದುರಿಗೆ ಒಮ್ಮೆಲೇ ಒಂದು ಕಪ್ಪು ಬಂಡೆ ಬೆಟ್ಟ. ಮೆಟ್ಟಿಲು ಹತ್ತಿದರೆ ಮಧ್ಯದಲ್ಲಿ ಪಾರ್ವತಿ, ತುದಿಯಲ್ಲಿ ಈಶ್ವರ. ಭೀಮ ಗದೆ ಬಿಸಾಡಿ ಆದದ್ದು ಅನ್ನುವ ಗದಾತೀರ್ಥ ಕೆಳಗೆ. ಆಟಿ ಅಮಾವಾಸ್ಯೆಗೆ ಇಲ್ಲಿ ತೀರ್ಥಸ್ನಾನಕ್ಕೆ ಜನ ಸೇರ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು, ಮಳೆಯಲ್ಲಿ ಗುಡ್ಡ ಹತ್ತುವುದು. ಪಾಣೆಮಂಗಳೂರು ಕಡೆಯ ನರಹರಿ ಬೆಟ್ಟದಲ್ಲೂ ಅದೇ ದಿನ ಅದೇ ಕ್ರಮ. ಟ್ರೆಕ್ಕಿಂಗ್ ಅನ್ನುವ ಶಬ್ದ ಬರುವ ಮೊದಲೇ ನಮ್ಮಲ್ಲಿ ವರ್ಷಕ್ಕೊಂದು ದಿನ ಟ್ರೆಕ್ಕಿಂಗ್ ಕಡ್ಡಾಯ ಇತ್ತು. ಮಂಗಗಳಿಗೆ ಮಾತ್ರ ಜಾಗ್ರತೆ. ಕೈಯಲ್ಲಿ ತೊಟ್ಟೆ ಕಂಡರೆ ಅವಕ್ಕೆ ಅದು ಅವರದ್ದೇ.

ವಗ್ಗದಿಂದ ಒಳಗೆ ನಡೆಯುವಾಗ ಒಂದು ವಿಷಯ ಗಮನಿಸಬೇಕು ಅಂತ ಈ ಸಂಚಿಕೆಯನ್ನೇ ಮಾಡಿದ್ದು. ನಮ್ಮ ಊರುಗಳಲ್ಲಿ ಮನೆಗಳು ಒಟ್ಟಿಗೆ ಇಲ್ಲ. ಬಯಲುಸೀಮೆಯ ಹಾಗೆ ನಡುವೆ ಊರು, ಸುತ್ತ ಹೊಲ ಅಂತ ಇಲ್ಲ. ಒಂದೊಂದು ಮನೆ ಒಂದೊಂದು ಗುಡ್ಡೆಯ ಬುಡದಲ್ಲಿ, ಎದುರಿಗೆ ಅವರವರ ಗದ್ದೆ. ತಗ್ಗಿನದ್ದು ಬೈಲು, ಅದಕ್ಕಿಂತ ಮೇಲಿನದ್ದು ಮಜಲು, ಇನ್ನೂ ಮೇಲೆ ಬೆಟ್ಟು. ಹಾಗಾದರೆ ಮನೆಯಿಂದ ಮನೆಗೆ, ಮನೆಯಿಂದ ಶಾಲೆಗೆ, ದೈವಸ್ಥಾನಕ್ಕೆ, ಬಸ್ಸಿಗೆ ದಾರಿ ಯಾವುದು? ಕಟ್ಟಪುಣಿ. ಗದ್ದೆಯ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು. ತೋಡು ಬಂದರೆ ಅಡಿಕೆ ಮರದ ಸಂಕ. ಗುಡ್ಡೆ ಬಂದರೆ ಮಳೆನೀರು ಕೊರೆದ ಓಣಿ. ನಮ್ಮ ನಿಜವಾದ ರಸ್ತೆಜಾಲ ಇದು, ಡಾಮರಿನದ್ದು ಅದರ ಮೇಲಿನ ನಾಲ್ಕು ಗೆರೆ.

ಇದಕ್ಕೆ ದಾಖಲೆ ಇಲ್ಲ. ಕೆಲವು ಕಾಲುದಾರಿ ಸರ್ವೆ ನಕ್ಷೆಯಲ್ಲಿ ಚುಕ್ಕೆಗೆರೆಯಾಗಿ ಉಂಟು. ಕಟ್ಟಪುಣಿ ಹೆಚ್ಚಿನದ್ದು ಇಲ್ಲ. ಗದ್ದೆ ಇರುವ ತನಕ ಅದು ತಕರಾರೂ ಆಗಿರಲಿಲ್ಲ, ಯಾಕಂದರೆ ಗದ್ದೆಗೆ ಹುಣಿ ಹೇಗೂ ಬೇಕು. 1974ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಈ ಜಿಲ್ಲೆಯಲ್ಲಿ ಅದರಿಂದ ಎಷ್ಟು ಮನೆಗಳ ಬದುಕು ನೆಟ್ಟಗಾಯಿತು ಅಂತ ಹೇಳ್ಲಿಕ್ಕೆ ಬೇರೆ ಸಂಚಿಕೆ ಬೇಕು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಬ್ಬ ಧಣಿಯ ಒಂದು ಬೈಲು ಹತ್ತು ಮನೆಯ ಹತ್ತು ತುಂಡು ಆದಾಗ, ಒಂದೇ ಹುಣಿ ಹತ್ತು ಗಡಿ ದಾಟುವ ಹಾಗಾಯ್ತು. ಆಮೇಲೆ ಕೂಲಿಗೆ ಜನ ಇಲ್ಲ, ಭತ್ತಕ್ಕೆ ರೇಟಿಲ್ಲ, ಅಡಿಕೆಗೆ ಉಂಟು. ಗದ್ದೆ ತೋಟ ಆಯ್ತು. ಗುಡ್ಡೆ ರಬ್ಬರ್ ಆಯ್ತು. ತೋಟಕ್ಕೆ ಹುಣಿ ಬೇಡ, ಬೇಲಿ ಬೇಕು. ಮೊದಲು ಮುಳ್ಳುತಂತಿ, ಈಗ ಕಬ್ಬಿಣದ ಗೇಟು.

ಕಾನೂನು ಎಂತ ಹೇಳ್ತದೆ? 1882ರ ಅನುಭೋಗ ಹಕ್ಕುಗಳ ಕಾಯ್ದೆ, ಈಸ್‌ಮೆಂಟ್ ಆಕ್ಟ್. ನಾವು ಆಗ ಮದರಾಸು ಪ್ರಾಂತ್ಯದಲ್ಲಿದ್ದೆವು, ಅಲ್ಲಿಗೆ ಅದು ಶುರುವಿನಿಂದಲೇ ಅನ್ವಯ. ಅದರ 15ನೇ ಸೆಕ್ಷನ್ ಪ್ರಕಾರ ಖಾಸಗಿ ಜಾಗದ ಮೂಲಕ 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದಿದ್ದರೆ ಆ ದಾರಿ ನಿಮ್ಮ ಹಕ್ಕು. ದಾರಿ ಮುಚ್ಚಿದರೆ ಎರಡು ವರ್ಷದ ಒಳಗೆ ಕೋರ್ಟಿಗೆ ಹೋಗ್ಬೇಕು. ಕೇಳ್ಲಿಕ್ಕೆ ಸರಿಯಾಗಿಯೇ ಉಂಟು. ಆದರೆ ‘ಹಕ್ಕಿನಿಂದ’ ಅನ್ನುವ ಶಬ್ದ ನೋಡಿ. ಅನುಮತಿ ಕೇಳಿ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಊರಲ್ಲಿ ದಾರಿ ನಡೆದದ್ದು ಹೇಗೆ? ‘ಧಣಿಗಳೇ, ಇಲ್ಲಿಂದಾಗಿ ಹೋಗ್ತೇವೆ’, ‘ಹೋಗಿ ಮಾರಾಯ್ರೆ, ಕೇಳ್ಲಿಕ್ಕುಂಟಾ, ಬೆಲ್ಲ ನೀರು ಕುಡಿದು ಹೋಗಿ’. ಇಡೀ ಜಾಲ ನಿಂತದ್ದು ದಾಕ್ಷಿಣ್ಯದ ಮೇಲೆ. ಕೋರ್ಟಿನಲ್ಲಿ ಆ ದಾಕ್ಷಿಣ್ಯವೇ ನಿಮ್ಮ ವಿರುದ್ಧ ಸಾಕ್ಷಿ. ಮರ್ಯಾದೆ ಕೊಟ್ಟವನು ಸೋಲ್ತಾನೆ, ಕೇಳದೆ ನುಗ್ಗಿದವನು ಗೆಲ್ತಾನೆ.

ಇದರಿಂದ ತೊಂದರೆ ಆಗುವುದು ನಮ್ಮಂಥ ಆದಿತ್ಯವಾರದವರಿಗೆ ಅಲ್ಲ. ನಮಗೆ ಅಂಥ ಹಕ್ಕು ಯಾವತ್ತೂ ಇರಲಿಲ್ಲ, ನಾವು ನೆಂಟರು. ಗೇಟು ಹಾಕಿದ್ದರೆ ವಾಪಸ್ಸು ಬರಬೇಕು, ತೆರೆದಿದ್ದರೂ ಅಂಗಳದಲ್ಲಿರುವವರ ಹತ್ತಿರ ಒಂದು ಮಾತು ಕೇಳ್ಬೇಕು. ತೊಂದರೆ ಇರುವುದು ಬೈಲಿನ ಆಚೆ ತುದಿಯ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ. ಅವರಿಗೆ ಆಸ್ಪತ್ರೆಗೆ ಹೋಗ್ಬೇಕಾದರೆ ಮೊದಲು ಕಟ್ಟಪುಣಿಯಲ್ಲಿ ಹತ್ತು ನಿಮಿಷ, ಬಸ್ಸು ಸಿಗ್ತಿತ್ತು. ಈಗ ಸುತ್ತು ಬಳಸಿ ರಿಕ್ಷಾ ಬರಬೇಕು, ಅದರ ಬಾಡಿಗೆ ಬಸ್ಸಿನ ಟಿಕೆಟಿನ ಎಷ್ಟೋ ಪಾಲು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಹೆದ್ದಾರಿಯ ಬೆಳ್ತಂಗಡಿ, ಧರ್ಮಸ್ಥಳ ಬಸ್ಸಿನಲ್ಲಿ ಅದು ಸಿಗ್ತದೆ. ಒಳದಾರಿಗಳಲ್ಲಿ ಮಾತ್ರ ಬಹಳ ಕಡೆ ಇನ್ನೂ ಖಾಸಗಿ ಬಸ್ಸಿನದ್ದೇ ಓಡಾಟ, ಅಲ್ಲಿ ಟಿಕೆಟ್ ಟಿಕೆಟ್ಟೇ. ಕೊರೊನಾ ಸಮಯದಲ್ಲಿ ನಿಂತ ಕೆಲವು ಟ್ರಿಪ್ಪುಗಳು ಮತ್ತೆ ಬರಲೇ ಇಲ್ಲ. ಬಸ್ಸು ಮತ್ತು ಕಾಲುದಾರಿ ಒಂದಕ್ಕೊಂದು ಆಧಾರ ಅಂತ ನಾನು ಹೇಳುವುದು ಇದಕ್ಕೇ. ಕಾಲುದಾರಿ ಮುಚ್ಚಿದರೆ ಬಸ್ಸಿಗೆ ಜನ ಕಮ್ಮಿ; ಜನ ಕಮ್ಮಿ ಅಂತ ಟ್ರಿಪ್ ಕಟ್; ಟ್ರಿಪ್ ಕಟ್ ಆದರೆ ಸ್ಕೂಟರ್; ಸ್ಕೂಟರ್ ಬಂದ ಮೇಲೆ ಕಾಲುದಾರಿ ಯಾರಿಗೆ ಬೇಕು?

ಆಯ್ತು, ಮುಂದೆ ಹೋಗುವ. ಬೆಳ್ತಂಗಡಿಯಿಂದ ಗಡಾಯಿಕಲ್ಲು ಎಲ್ಲರಿಗೂ ಗೊತ್ತು, ಹಾಗಾಗಿ ಚಿಕ್ಕದಾಗಿ. ಕಿಲ್ಲೂರು ಕಡೆಯ ಬಸ್ಸಿನಲ್ಲಿ ಮಂಜೊಟ್ಟಿಯಲ್ಲಿ ಇಳಿದು ನಡೆಯುವುದು. ಬಂಗರ ಕಾಲದ ನರಸಿಂಹಗಡ. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ ಜಮಾಲಾಬಾದ್ ಅಂತ ಹೆಸರಿಟ್ಟ, ತಾಯಿಯ ಹೆಸರು ಅಂತ ಹೇಳ್ತಾರೆ. 1799ರಲ್ಲಿ ಇಂಗ್ಲಿಷರಿಗೆ ಹೋಯ್ತು. ಮೆಟ್ಟಿಲು 1876 ಅಂತ ಊರಿನ ಲೆಕ್ಕ. ಬಂಡೆಯಲ್ಲೇ ಕಡಿದದ್ದು, ಒಬ್ಬರಿಗೊಬ್ಬರು ದಾರಿ ಬಿಡುವಷ್ಟೇ ಅಗಲ. ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಬರ್ತದೆ, ಅರಣ್ಯ ಇಲಾಖೆಯ ಟಿಕೆಟ್ ಉಂಟು, ಮಳೆಗಾಲದಲ್ಲಿ ಬಂಡೆ ಜಾರ್ತದೆ, ಬಿಡುವುದಿಲ್ಲ. ನನ್ನ ಕೇಳಿದರೆ ಗಡಾಯಿಕಲ್ಲನ್ನು ಹತ್ತುವುದಕ್ಕಿಂತ ದೂರದಿಂದ ನೋಡುವುದೇ ಚಂದ. ಕಿಲ್ಲೂರು ದಾರಿಯಲ್ಲಿ ಬಸ್ಸಿನ ಎಡಗಡೆ ಬಲಗಡೆ ಕಣ್ಣಾಮುಚ್ಚಾಲೆ ಆಡ್ತಾ ಬರ್ತದೆ ಅದು.

ಗುರುವಾಯನಕೆರೆಯಿಂದ ವೇಣೂರಿನ ದಾರಿ ನನಗೆ ಇದಕ್ಕಿಂತ ಇಷ್ಟ. ಪಡಂಗಡಿ, ಗರ್ಡಾಡಿ ದಾಟಿ ಇಳಿಯುತ್ತಾ ಫಲ್ಗುಣಿ ಹೊಳೆಯ ದಡಕ್ಕೆ ಬರ್ತೀರಿ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟ, ಸುಮಾರು 35 ಅಡಿ. ಕಾರ್ಕಳದ ಗೊಮ್ಮಟ 1432ರದ್ದು, 42 ಅಡಿ. ಇದರ ಹಿಂದೆ ಎರಡು ಅರಸುಮನೆಗಳ ಪೈಪೋಟಿಯ ಐತಿಹ್ಯ ಉಂಟು: ಕಾರ್ಕಳದ ಭೈರವ ಅರಸ ತನ್ನ ಊರಿನ ಕೀರ್ತಿಗೆ ಕುಂದು ಬರ್ತದೆ ಅಂತ ದಂಡೆತ್ತಿ ಬಂದನಂತೆ, ಅಜಿಲರು ಮೂರ್ತಿಯನ್ನು ಫಲ್ಗುಣಿಯ ಹೊಯಿಗೆಯಲ್ಲಿ ಹುಗಿದು ಕಾಪಾಡಿದರಂತೆ. ಹೊಳೆಬದಿಗೆ ಹೋಗಿ ನಿಂತು ಆ ಹೊಯಿಗೆ ನೋಡಿ. ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ 2024ರಲ್ಲಿ ಆಯ್ತು, ಆಗಿನ ರಶ್ಶು ಈಗ ಇಲ್ಲ. ಮಾಮೂಲಿ ದಿನ ಬೆಳಿಗ್ಗೆ ಹೋದರೆ ನೀವು, ಗೊಮ್ಮಟ, ಒಂದೆರಡು ಪಾರಿವಾಳ.

ಅಲ್ಲಿಂದ ಬಸ್ಸಿನಲ್ಲಿ ಮೂಡುಬಿದಿರೆ. ಇಲ್ಲಿ ನಡಿಗೆ ಪೇಟೆಯೊಳಗೇ ಶುರು. ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಲು ತೊಡಗಿದ್ದು. ಭೈರಾದೇವಿ ಮಂಟಪದ ಅಡಿಗಟ್ಟಿನ ಕೆತ್ತನೆಯನ್ನು ಬಗ್ಗಿ ನೋಡಬೇಕು: ಅಲ್ಲಿ ಜಿರಾಫೆ ಉಂಟು, ಚೀನಾದ ಡ್ರ್ಯಾಗನ್ ಉಂಟು. ಸಮುದ್ರದಿಂದ ಇಷ್ಟು ಒಳಗಿನ ಬಿದಿರುಮೆಳೆಯ ಊರಿನಲ್ಲಿ ಆಫ್ರಿಕದ ಪ್ರಾಣಿ! ಕಾಳುಮೆಣಸು, ಅಕ್ಕಿ ಇಳಿದು ಹೋದ ದಾರಿಯಲ್ಲೇ ಹಣ ಹತ್ತಿ ಬಂತು, ಹಣದ ಜೊತೆಗೆ ದೂರದೇಶದ ಸುದ್ದಿ. ಗುರು ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಬೇರೆಲ್ಲೂ ಇಲ್ಲದೆ ಇಲ್ಲಿ ಮಾತ್ರ ಉಳಿದದ್ದು, 1939ರಿಂದ ಅಚ್ಚಾಗಲಿಕ್ಕೆ ಶುರುವಾಯ್ತು. ‘ಭರತೇಶ ವೈಭವ’ ಬರೆದ ರತ್ನಾಕರವರ್ಣಿಯೂ ಇದೇ ಊರಿನವನು.

ಇಷ್ಟು ನೋಡಿ ಹೆಚ್ಚಿನವರು ವಾಪಸ್ಸು ಬಸ್‌ಸ್ಟ್ಯಾಂಡಿಗೆ ಹೋಗ್ತಾರೆ. ನೀವು ಕೊಡಂಗಲ್ಲಿನ ತನಕ ನಡೆಯಿರಿ. ಜೈನ ಗುರುಗಳ, ಸೆಟ್ಟರ ಸಮಾಧಿಗಳು, ನಿಷಿಧಿ ಅಂತಾರೆ. ಮುರಕಲ್ಲಿನದ್ದು, ಒಂದರ ಮೇಲೊಂದು ಸಣ್ಣದಾಗುತ್ತಾ ಹೋಗುವ ಮಾಡು. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಅನ್ನುವ ವಾಸ್ತುಶಿಲ್ಪದ ಚರಿತ್ರೆಕಾರ ಮೂಡುಬಿದಿರೆಯ ಕಟ್ಟಡಗಳನ್ನು ನೇಪಾಳಕ್ಕೆ ಹೋಲಿಸಿದ. ಎಲ್ಲಿಯ ನೇಪಾಳ! ನನಗೆ ಅನಿಸುವುದು ಇಷ್ಟೇ, ಇಂಥ ಮಳೆ ಬೀಳುವ ಊರಿನಲ್ಲಿ ಯಾರೇ ಮಾಡು ಹಾಕಿದರೂ ಅದು ಇಳಿಜಾರಾಗಿಯೇ ಇರಬೇಕು. ನಮ್ಮ ಮನೆಗಳ ಹಂಚಿನ ಮಾಡಿನ ಮುತ್ತಜ್ಜ ಅದು. ಸುತ್ತ ಹುಲ್ಲು, ಮಧ್ಯೆ ಈ ಸಮಾಧಿಗಳು, ಜನ ಯಾರೂ ಇಲ್ಲ. ಇನ್ನೂ ಕಾಲು ಬಾಕಿ ಇದ್ದರೆ ಕೊಣಾಜೆ ಕಲ್ಲು, ಊರಿನ ಹೊರಗೆ ಎರಡು ಬಂಡೆಗಳು ಒಟ್ಟಿಗೆ ನಿಂತ ಹಾಗೆ ಕಾಣುವ ಬೆಟ್ಟ.

ವಾಪಸ್ಸು ಬರಲಿಕ್ಕೆ ಮೂಡುಬಿದಿರೆಯಿಂದ ಸಿದ್ದಕಟ್ಟೆ, ರಾಯಿ ದಾರಿಯಾಗಿ ಬಿ.ಸಿ. ರೋಡಿಗೆ ಬಸ್ಸು ಉಂಟು. ಮಂಗಳೂರಿನವರಿಗೆ ನೇರ ಬಸ್ಸಿದೆ, ಅದಕ್ಕೆ ತೊಂದರೆ ಇಲ್ಲ. ಒಳದಾರಿಯಲ್ಲಿ ಇಳಿಯುವಾಗ ಮಾತ್ರ ಮೊದಲು ಕಂಡಕ್ಟರಿನ ಹತ್ತಿರ ಲಾಸ್ಟ್ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ. ಆಮೇಲೆ ಸ್ಟಾಪಿನ ಎದುರಿನ ಗೂಡಂಗಡಿಯಲ್ಲಿ ಅದೇ ಪ್ರಶ್ನೆ ಮತ್ತೊಮ್ಮೆ ಕೇಳಿ. ಎರಡು ಉತ್ತರ ಬೇರೆ ಬೇರೆ ಇದ್ದರೆ ಗೂಡಂಗಡಿಯವರನ್ನು ನಂಬಿ. ಆದಿತ್ಯವಾರ ಯಾವ ಟ್ರಿಪ್ ಇಲ್ಲ ಅನ್ನುವುದು ಅವರಿಗೆ ಮಾತ್ರ ಗೊತ್ತಿರ್ತದೆ.